ಹಲಗೆಯ ಮೇಲಿನ ರೈಲುದಾರಿ

ಊರುಗಳಲ್ಲಿ ಎರಡು ಬಗೆ: ರೈಲು ಬರುವ ಊರು, ರೈಲು ಬಾರದ ಊರು. ಈ ಭೇದವನ್ನು ಭೂಗೋಳದ ಪುಸ್ತಕಗಳು ಹೇಳುವುದಿಲ್ಲವಾದರೂ ನೆಂಟರಿಷ್ಟರು ಚೆನ್ನಾಗಿ ಬಲ್ಲರು. ನಮ್ಮ ರಾಮನಗರ ಮತ್ತು ನೆರೆಯ ಚನ್ನಪಟ್ಟಣ ಮೊದಲನೆಯ ಬಗೆಗೆ ಸೇರಿದವು. ಕನಕಪುರ, ಮಾಗಡಿಗಳು ಎರಡನೆಯದಕ್ಕೆ. ನಾಲ್ಕು ಊರುಗಳದೂ ಒಂದೇ ಸೀಮೆ, ಒಂದೇ ರಾಗಿಮುದ್ದೆ, ಒಂದೇ ಬಗೆಯ ಬಂಡೆಗುಡ್ಡ. ಆದರೂ ಮಾಗಡಿಗೆ ಕೊಟ್ಟ ನನ್ನ ತಂಗಿ ತವರಿಗೆ ಬಂದಾಗಲೆಲ್ಲ, "ನಿಮಗೇನಪ್ಪ, ಮನೆಯ ಮಗ್ಗುಲಲ್ಲೇ ರೈಲು!" ಎನ್ನದೆ ಒಳಗೆ ಕಾಲಿಡುವುದಿಲ್ಲ. ಕನಕಪುರ ನನ್ನಾಕೆಯ ತವರು. ಅಲ್ಲಿಯ ಮಕ್ಕಳು ನಮ್ಮ ಮನೆಗೆ ಬರಲು ಹಾತೊರೆಯುವುದು ಅತ್ತೆಯ ಮೇಲಣ ಪ್ರೀತಿಯಿಂದಲೋ ರೈಲು ನೋಡುವ ಆಸೆಯಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಈ ದಾರಿಯ ಚರಿತ್ರೆ ಹಳೆಯದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಮಹಾಕ್ಷಾಮದಲ್ಲಿ ಹಸಿದ ಜನಕ್ಕೆ ಕೂಲಿ ಒದಗಲೆಂದು ಇದರ ಕೆಲಸ ಹಿಡಿದರು. 1882ರ ವೇಳೆಗೆ ಬೆಂಗಳೂರಿನಿಂದ ಮೈಸೂರಿನವರೆಗೆ ಬಂಡಿ ಓಡತೊಡಗಿತು. ಆಗ ಎರಡು ಹಳಿಗಳ ನಡುವಣ ಅಂತರ ಸರಿಯಾಗಿ ಒಂದು ಮೀಟರ್. 1990ರ ದಶಕದಲ್ಲಿ ಅದು 1,676 ಮಿಲಿಮೀಟರಿಗೆ ಅಗಲವಾಯಿತು. ಇಷ್ಟನ್ನು ನಾನು ಪುಸ್ತಕದಿಂದ ತಿಳಿದೆ. ಆ ಹಳಿಗಳನ್ನು ಕಿತ್ತು ಈ ಹಳಿಗಳನ್ನು ಹಾಸಿದ ಕೈಗಳಲ್ಲಿ ಎರಡು ಕೈ ನಮ್ಮ ಅಪ್ಪನವು. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು; ಮುಂದೆ ಕೀಮನ್ ಆಗಿ, ಸುತ್ತಿಗೆ, ಸ್ಪ್ಯಾನರು, ಎರಡು ಬಾವುಟ ಹೊತ್ತು ದಿನವೂ ಹಳಿಯ ಮೇಲೆ ನಡೆದವರು. ನಿವೃತ್ತರಾಗಿ ಹತ್ತು ವರ್ಷದ ಮೇಲಾಯಿತು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ನಮ್ಮೊಡನಿದ್ದಾರೆ. ಜಗಲಿಯ ಕುರ್ಚಿಯಲ್ಲಿ ಕುಳಿತಿರುತ್ತಾರೆ. ದೂರದಲ್ಲಿ ಗಾಡಿಯ ಸದ್ದಾದರೆ ಗಡಿಯಾರ ನೋಡುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ. ಮಾತು ಮಾತ್ರ ಅಮ್ಮನೊಡನೆಯೇ ಹೋಗಿಬಿಟ್ಟಿತೆಂದು ನಾವೆಲ್ಲ ತಿಳಿದಿದ್ದೆವು.

ಈ ಸ್ಥಿತಿಯಲ್ಲಿ ನಮ್ಮ ಮನೆಗೆ ಇನ್ನೊಂದು ರೈಲು ಬಂತು. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನ ರಜೆಗೆ ಬಂದವನು ಸೊಸೆಗೆಂದು ಒಂದು ಪೆಟ್ಟಿಗೆ ತಂದ. ಅದರಲ್ಲಿ ಎಂಜಿನ್ ಒಂದು, ಬೋಗಿ ನಾಲ್ಕು, ಹಳಿಯ ತುಂಡುಗಳು, ವಿದ್ಯುತ್ತನ್ನು ಹದಮಾಡಿ ಕೊಡುವ ಪುಟ್ಟ ಯಂತ್ರ. ನಮ್ಮ ಹತ್ತು ವರ್ಷದ ಮಗಳು ಅಲ್ಲಿಯವರೆಗೆ ಬಲ್ಲ ಆಟದ ರೈಲು ಚನ್ನಪಟ್ಟಣದ್ದು: ಹಗುರವಾದ ಆಲೆಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಆ ತಿಕ್ಕಾಟದ ಕಾವಿಗೇ ಕರಗಿದ ಬಣ್ಣವನ್ನು ಅಂಟಿಸಿ, ಒಣಗರಿಯಿಂದ ಉಜ್ಜಿ ಹೊಳಪೇರಿಸಿದ ಬಂಡಿ. ಅದಕ್ಕೆ ಹಳಿಯೇ ಬೇಡ. ದಾರ ಕಟ್ಟಿ ಎಳೆದರೆ ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ ಹೋಗಿ ಬರುತ್ತದೆ. ಹಳಿಯೇ ಇಲ್ಲದ ಬಂಡಿ ಹಳಿ ತಪ್ಪುವುದಾದರೂ ಹೇಗೆ?

ಹೊಸ ಬಂಡಿಯ ಸಂಗತಿ ಬೇರೆ. ಅದು ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎಚ್‌ಓ ಎಂದು ಅದರ ಅಳತೆಯ ಹೆಸರು. ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್. ಎಂಜಿನ್ನಿಗೆ ಬೇಕಾದ ವಿದ್ಯುತ್ತು ಹಳಿಯ ಮೂಲಕವೇ ಬರುತ್ತದೆ; ಒಂದು ಹಳಿಯಿಂದ ಗಾಲಿಗೇರಿ, ಮೋಟಾರನ್ನು ತಿರುಗಿಸಿ, ಇನ್ನೊಂದು ಹಳಿಗೆ ಇಳಿಯುತ್ತದೆ. ಆದುದರಿಂದ ಇಲ್ಲಿ ಹಳಿ ಎಂಬುದು ದಾರಿಯೂ ಹೌದು, ತಂತಿಯೂ ಹೌದು. ದಾರಿ ಕೆಟ್ಟರೆ ಬಂಡಿ ಬೀಳುತ್ತದೆ, ತಂತಿ ಕೆಟ್ಟರೆ ನಿಲ್ಲುತ್ತದೆ. ಹೊಸಬರ ಹಲಗೆಯ ಮೇಲೆ ಕಾಣುವ ಕಷ್ಟಗಳೆಲ್ಲ ಬಹುಮಟ್ಟಿಗೆ ಈ ಎರಡರ ಸಂತಾನವೇ.

ಬಡಗಿಯಿಂದ ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ತರಿಸಿದ್ದಾಯಿತು. ಮಗಳೂ ಎದುರುಮನೆಯ ಹುಡುಗನೂ ಸೇರಿ ಅಂಡಾಕಾರದ ದಾರಿ ಹಾಸಿ, ಒಂದು ಕವಲುದಾರಿ ಬಿಟ್ಟು, ರಟ್ಟಿನ ನಿಲ್ದಾಣಗಳನ್ನು ನಿಲ್ಲಿಸಿದರು. ಮೊದಲ ದಿನ ಬಂಡಿ ಎರಡು ಸುತ್ತು ಓಡಿತು. ಮೂರನೆಯ ಸುತ್ತಿನಲ್ಲಿ ಕೊನೆಯ ಬೋಗಿ ಉರುಳಿತು. ಎತ್ತಿಟ್ಟರು, ನಡುವಣ ಬೋಗಿ ಉರುಳಿತು. ಅದನ್ನೂ ಎತ್ತಿಟ್ಟರೆ ಎಂಜಿನ್ ದೂರದ ತಿರುವಿನಲ್ಲಿ ಮುಗ್ಗರಿಸಿ ನಿಂತೇ ಹೋಯಿತು.

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಔಷಧ ಹೇಳಲು ಬರುವವರಿಗೆ ಕೊರತೆಯಿಲ್ಲವಷ್ಟೆ. ರೈಲಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಎದುರುಮನೆಯವರು ನಮ್ಮೂರಿನ ವಿದ್ಯುತ್ತಿನ ಏರಿಳಿತವೇ ಕಾರಣವೆಂದರು. ನನ್ನ ವಿದ್ಯಾರ್ಥಿಯೊಬ್ಬ ವೇಗ ಹೆಚ್ಚಿಸಿದರೆ ಬೀಳುವುದಿಲ್ಲವೆಂದ. ಹೆಚ್ಚಿಸಿದಾಗ ಎಂಜಿನ್ ಹಲಗೆಯನ್ನೇ ಬಿಟ್ಟು ಹಾರಿ, ನನ್ನಾಕೆಯ ಮಡಿಲಿಗೆ ಬಿತ್ತು. ಮಗಳು ಮಾತ್ರ ಅಪರಾಧಿಯನ್ನು ಗೊತ್ತುಮಾಡಿಬಿಟ್ಟಿದ್ದಳು. "ಹಸಿರು ಬೋಗಿ ಕೆಟ್ಟದ್ದು. ಅದೇ ಎಲ್ಲವನ್ನೂ ಬೀಳಿಸುತ್ತದೆ" ಎಂದಳು. ಅದು ಉರುಳುವುದನ್ನು ಆಕೆ ಮೊದಲ ದಿನವೇ ಕಂಡಿದ್ದಳು. ಅಂದಿನಿಂದ ಯಾವ ಬೋಗಿ ಬಿದ್ದರೂ ಹಸಿರು ಬೋಗಿಗೇ ಬೈಗುಳ. ನಾಲ್ಕನೆಯ ದಿನ ಬೇಸತ್ತು ಎಲ್ಲವನ್ನೂ ಪೆಟ್ಟಿಗೆಗೆ ತುಂಬತೊಡಗಿದಳು. ಕನಕಪುರದ ಮಾವನ ಮಗನಿಗೆ ಕೊಟ್ಟುಬಿಡುವುದಂತೆ.

ಆಗ ಜಗಲಿಯಿಂದ ಅಪ್ಪ ಎದ್ದು ಬಂದರು.

"ಏನವ್ವ, ಗಾಡಿ ಬೀಳೋದು ಒಂದೇ ಕಡೇನೋ, ಎಲ್ಲ ಕಡೇನೋ?" ಎಂದು ಕೇಳಿದರು.

ಮಗಳು ಅವರ ಮುಖ ನೋಡಿದಳು. "ಗೊತ್ತಿಲ್ಲ ತಾತ" ಎಂದಳು.

"ಗೊತ್ತಿಲ್ದೆ ಗಾಡಿ ಮೇಲೆ ಯಾಕವ್ವ ತಪ್ಪು ಹಾಕ್ತೀಯ? ಒಂದು ಪುಸ್ತಕ ತಗಂಡು ಬಾ."

ಪುಸ್ತಕ ಬಂತು. ಅಪ್ಪ ಹೇಳಿದಂತೆ ಹಳಿಯ ಪ್ರತಿಯೊಂದು ಕೀಲಿಗೂ ಸೀಮೆಸುಣ್ಣದಿಂದ ಒಂದೊಂದು ಸಂಖ್ಯೆ ಬರೆದಳು. ಬಳಿಕ ಬಂಡಿಯನ್ನು ನಿಧಾನವಾಗಿ ಇಪ್ಪತ್ತು ಸುತ್ತು ಓಡಿಸಿ, ಪ್ರತಿ ಸಲವೂ ಬಿದ್ದ ಬೋಗಿ ಯಾವುದು, ಬಿದ್ದ ಜಾಗ ಯಾವುದು ಎಂದು ಬರೆದುಕೊಂಡಳು. ನಡುನಡುವೆ ಬೋಗಿಗಳ ಸಾಲನ್ನು ಅದಲುಬದಲು ಮಾಡಿಸಿದರು. ಒಟ್ಟು ಹದಿನಾಲ್ಕು ಬೀಳು. ಅವುಗಳಲ್ಲಿ ಒಂಬತ್ತು ಏಳನೆಯ ಕೀಲಿನಲ್ಲಿಯೇ ಆಗಿದ್ದವು. ಕೆಂಪು, ನೀಲಿ, ಹಳದಿ, ಹಸಿರು, ಎಲ್ಲವೂ ಅಲ್ಲಿ ಬಿದ್ದಿದ್ದವು. ನಾಲ್ಕು ಸಲ ಹಸಿರು ಬೋಗಿಯೊಂದೇ ಬೇರೆ ಬೇರೆ ಜಾಗಗಳಲ್ಲಿ ಬಿದ್ದಿತ್ತು. ಉಳಿದ ಒಂದು ಬೀಳಿಗೆ ಎದುರುಮನೆಯ ಹುಡುಗನ ಮೊಣಕೈ ಕಾರಣವೆಂದು ಸರ್ವಾನುಮತದಿಂದ ನಿರ್ಣಯವಾಯಿತು.

ಅಪ್ಪ ಆ ಪುಟವನ್ನು ದೂರ ಹಿಡಿದು ಓದಿದರು. "ಎಲ್ಲ ಗಾಡಿನೂ ಒಂದೇ ಜಾಗದಾಗೆ ಬಿದ್ರೆ ಹಳಿ ನೋಡು. ಒಂದೇ ಗಾಡಿ ಎಲ್ಲ ಜಾಗದಾಗೂ ಬಿದ್ರೆ ಗಾಡಿ ನೋಡು. ಇಲ್ಲಿ ಎರಡೂ ಐತೆ. ಮೊದಲು ಹಳಿ" ಎಂದರು.

ಮಗಳು ಆತುರದಿಂದ ಏಳನೆಯ ಕೀಲಿಗೆ ಕೈ ಹಾಕಿದಳು. ಅಪ್ಪ ತಟ್ಟನೆ ಅವಳ ಮಣಿಕಟ್ಟು ಹಿಡಿದರು. ತಾವೇ ಹೋಗಿ ಗೋಡೆಯಿಂದ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು ಅವಳ ಕೈಯಲ್ಲಿಟ್ಟರು. ಹಳಿಯಲ್ಲಿ ಹರಿಯುವುದು ಹನ್ನೆರಡು ವೋಲ್ಟಿನಷ್ಟು ಮಾತ್ರ, ಮುಟ್ಟಿದರೆ ಏನೂ ಆಗದು ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವರೇ ಮಾತಿಗೆ ತೊಡಗಿದ್ದರು.

"ಹಳಿ ಮುಟ್ಟೋಕೆ ಮುಂಚೆ ಗಾಡಿ ಬರಾಕಿಲ್ಲ ಅಂತ ಗೊತ್ತಿರಬೇಕು ಕಣವ್ವ. ದೂರದಾಗೆ ಕೆಂಪು ಬಾವುಟ ನೆಟ್ಟು ಬಂದು, ಆಮೇಲೆ ಬೋಲ್ಟಿಗೆ ಕೈ ಹಾಕಬೇಕು."

ಬಳಿಕ, ಹಲಗೆಯನ್ನೇ ನೋಡುತ್ತ, ಚನ್ನಪಟ್ಟಣದಾಚೆಯ ಒಂದು ಮುಂಜಾವಿನ ಮಾತನ್ನು ಮೊಮ್ಮಗಳಿಗೆ ಹೇಳಿದರು. ಮಂಜು ಕವಿದಿತ್ತಂತೆ. ಜೊತೆಯವನೊಬ್ಬ ಬಗ್ಗಿ ಕೀಲು ನೋಡುತ್ತಿದ್ದನಂತೆ. ಗಾಳಿ ಆ ಕಡೆಗೆ ಬೀಸುತ್ತಿದ್ದುದರಿಂದ ಗಾಡಿಯ ಸದ್ದು ಕೇಳಲಿಲ್ಲವಂತೆ. ಅಷ್ಟೇ ಹೇಳಿದರು. ಮಗಳು ಮುಂದೇನಾಯಿತೆಂದು ಕೇಳಲಿಲ್ಲ. ಪ್ಲಗ್ಗನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದಳು.

ನಾನು ಚಿಕ್ಕವನಾಗಿದ್ದಾಗ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ನನ್ನ ವಯಸ್ಸಿನ ಹುಡುಗನಿದ್ದ. ಇಬ್ಬರೂ ಗೋಲಿ ಆಡುತ್ತಿದ್ದೆವು. ಒಂದು ಚಳಿಗಾಲದಲ್ಲಿ ಆ ಮನೆಯ ಬಾಗಿಲಿಗೆ ಬೀಗ ಬಿತ್ತು. ಅವರಿಗೆ ಬೇರೆ ಊರಿಗೆ ವರ್ಗವಾಯಿತೆಂದು ಅಮ್ಮ ಹೇಳಿದ್ದಳು. ಮೂವತ್ತು ವರ್ಷ ಆ ಮಾತು ಹಾಗೆಯೇ ಇತ್ತು. ಅಂದು ಸಂಜೆ, ಆಟದ ಹಳಿಯ ಮುಂದೆ, ಆ ವರ್ಗ ಎಲ್ಲಿಗೆ ಆಗಿತ್ತೆಂಬುದು ನನಗೆ ತಿಳಿಯಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ನಾನೂ ಏನನ್ನೂ ಕೇಳಲಿಲ್ಲ.

"ಈಗ ನೋಡವ್ವ" ಎಂದು ಅವರು ಕೆಲಸಕ್ಕೆ ತೊಡಗಿದರು. ಮೊದಲು ಮಂಡಿಯೂರಿ, ಕೆನ್ನೆಯನ್ನು ಹಲಗೆಗೆ ಆನಿಸಿ, ಒಂದು ಕಣ್ಣು ಮುಚ್ಚಿ ಹಳಿಯುದ್ದಕ್ಕೂ ನೋಟ ಹರಿಸಿದರು. ಗ್ಯಾಂಗಿನ ಮೇಸ್ತ್ರಿಗಳು ಹಳಿಯ ಸೊಟ್ಟವನ್ನು ನೋಡುವುದು ಹೀಗೆಯೇ. ಮೇಲಿನಿಂದ ನೋಡಿದರೆ ನೇರವಾಗಿ ಕಂಡ ದಾರಿ, ಕಣ್ಣು ಹಳಿಯ ಮಟ್ಟಕ್ಕೆ ಇಳಿದಾಗ ಹಾವಿನಂತೆ ಬಳುಕಿತು. ಬಳಿಕ ಉಗುರನ್ನು ಹಳಿಯ ಮೇಲೂ ಒಳಮಗ್ಗುಲಲ್ಲೂ ಎಳೆದುಕೊಂಡು ಹೋದರು. ಏಳನೆಯ ಕೀಲಿನಲ್ಲಿ ಉಗುರು ತಡೆಯಿತು. ಅಲ್ಲಿ ಒಂದು ಹಳಿಯ ತುದಿ ಜೋಡಿಸುವ ತಗಡಿನ ಒಳಗೆ ಹೋಗುವ ಬದಲು ಅದರ ಮೇಲೇರಿ ಕುಳಿತಿತ್ತು. ಕೂದಲೆಳೆಯಷ್ಟು ಎತ್ತರ. ಆದರೆ ಬಂಡಿಯ ಅಳತೆಗೆ 87ರಿಂದ ಗುಣಿಸಿ ನೋಡಿದರೆ ಅದೊಂದು ಸಣ್ಣ ಮೆಟ್ಟಿಲೇ ಸರಿ. "ಇದು ಫಿಶ್ ಪ್ಲೇಟು. ನಮ್ಮದು ಮಣಭಾರ, ಇದು ಅಕ್ಕಿಕಾಳು. ಕೆಲಸ ಎರಡರದೂ ಒಂದೇ" ಎಂದು ಅಪ್ಪ ನಕ್ಕರು. ಎರಡು ವರ್ಷದಲ್ಲಿ ನಾವು ಕಂಡ ಮೊದಲ ನಗು ಅದು. ತಗಡನ್ನು ಬಿಚ್ಚಿ, ಹಳಿಯ ತುದಿಯ ಮುರುಕನ್ನು ಸಣ್ಣ ಅರದಿಂದ ಸವರಿ, ಎರಡು ತುದಿಗಳನ್ನೂ ಸಮವಾಗಿ ಸೇರಿಸಿದರು. ಒಂಬತ್ತು ಬೀಳುಗಳ ಕಾರಣ ಅಲ್ಲಿಗೆ ಮುಗಿಯಿತು.

ಅನಂತರ ಗೇಜ್. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಹದಿನಾರೂವರೆ ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಹಳಿಗಳ ನಡುವೆ ಉದ್ದಕ್ಕೂ ಸರಿಸಿದರು. ಕವಲುದಾರಿಯ ಬಳಿ ಅದು ಬಿಗಿಯಾಯಿತು. ಹಲಗೆಗೆ ಹೊಡೆದ ಮೊಳೆಯ ಏಟಿಗೆ ಪ್ಲಾಸ್ಟಿಕ್ಕಿನ ಸ್ಲೀಪರು ನಡುವೆ ತಗ್ಗಿ, ಹಳಿಗಳು ಒಳಕ್ಕೆ ವಾಲಿದ್ದವು. ಮೊಳೆಯನ್ನು ಸ್ವಲ್ಪ ಎತ್ತಿದೊಡನೆ ಸರಿಹೋಯಿತು. ಹಳಿಯನ್ನು ಹಲಗೆಗೆ ಹಿಡಿದಿಡಬೇಕು, ಹಿಂಡಬಾರದು. ಹಲಗೆಯ ಒಂದು ಮೂಲೆ ಮುದುರಿತ್ತು. ಗೋಲಿಯೊಂದನ್ನು ಬಿಟ್ಟಾಗ ಅದು ತಾನಾಗಿ ಆ ಮೂಲೆಗೆ ಓಡಿತು. ಕೆಳಗೆ ಅಡ್ಡಪಟ್ಟಿ ಹೊಡೆದು ಮಟ್ಟ ಮಾಡಿಸಿದೆವು. ಕೀಲುಗಳಲ್ಲಿ ಅಂಚೆಕಾರ್ಡಿನಷ್ಟು ಸಂದು ಬಿಡಬೇಕೆಂದೂ ಅಪ್ಪ ಹೇಳಿದರು. ಬೇಸಿಗೆಯಲ್ಲಿ ಹಳಿ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ಹಳಿ ಪಕ್ಕಕ್ಕೆ ಬಾಗುತ್ತದೆ.

ತಿರುವನ್ನು ಕಂಡಾಗ ಮಾತ್ರ ಅವರು ತಲೆಯಾಡಿಸಿದರು. ಪೆಟ್ಟಿಗೆಯೊಡನೆ ಬಂದ ಬಾಗಿದ ಹಳಿಗಳಿಂದ ಆಗುವ ವೃತ್ತದ ತ್ರಿಜ್ಯ 36 ಸೆಂಟಿಮೀಟರ್. ನಾನು ಲೆಕ್ಕ ಹಾಕಿದೆ: ನಿಜವಾದ ರೈಲಿನ ಅಳತೆಯಲ್ಲಿ ಅದು ಸುಮಾರು 31 ಮೀಟರ್. ನಮ್ಮ ಬ್ರಾಡ್‌ಗೇಜ್ ದಾರಿಯಲ್ಲಿ ಅತಿ ಕಡಿದಾದ ತಿರುವಿಗೂ 175 ಮೀಟರ್ ತ್ರಿಜ್ಯವಿರುತ್ತದೆ. ಅದನ್ನೇ ಹಲಗೆಗೆ ಇಳಿಸಬೇಕಾದರೆ ಎರಡು ಮೀಟರ್ ತ್ರಿಜ್ಯ ಬೇಕು. "ಹಾಗಾದರೆ ನಡುಮನೆಯ ಗೋಡೆ ಒಡೆಸಿ" ಎಂದಳು ನನ್ನಾಕೆ. ಗೋಡೆಯನ್ನು ಉಳಿಸಿಕೊಳ್ಳಲು ಅಪ್ಪ ಬೇರೆ ಉಪಾಯ ಕಂಡರು. ಒಂದು ಕಡೆ ಎಡತಿರುವು ಮುಗಿದ ಕೂಡಲೇ ಬಲತಿರುವು ಬರುತ್ತಿತ್ತು. ಇಂಥಲ್ಲಿ ಮುಂದಿನ ಬೋಗಿ ಒಂದು ಕಡೆಗೂ ಹಿಂದಿನದು ಇನ್ನೊಂದು ಕಡೆಗೂ ಜಗ್ಗಿ ಇಬ್ಬರೂ ಕೆಡುತ್ತಾರೆ. ನಡುವೆ ಒಂದು ಬೋಗಿಯುದ್ದದ ನೇರ ಹಳಿ ಇಡಿಸಿದರು. ಬಂಡಿ ತನ್ನ ಮೈಯನ್ನು ನೇರ ಮಾಡಿಕೊಳ್ಳಲು ಅಷ್ಟು ಪುರಸತ್ತು ಸಾಕಾಯಿತು.

ಬೀಳುವುದು ನಿಂತಿತು, ನಿಲ್ಲುವುದು ಉಳಿಯಿತು. ವಿದ್ಯುತ್ತಿನ ವಿಷಯದಲ್ಲಿ ಅಪ್ಪ ಕೈ ಮುಗಿದರು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಮಲ್ಟಿಮೀಟರು ಹಿಡಿದು ಬಂದರು. ಈ ಹಳಿಗಳ ಲೋಹಕ್ಕೆ ನಿಕ್ಕಲ್ ಸಿಲ್ವರ್ ಎಂದು ಹೆಸರು. ಹೆಸರಿನಲ್ಲಿರುವ ಬೆಳ್ಳಿ ಲೋಹದಲ್ಲಿಲ್ಲ. ಇರುವುದು ತಾಮ್ರ, ಸತು, ನಿಕ್ಕಲ್. ಅದರ ಮೇಲೆ ಬೀದಿಯ ದೂಳೂ ಅಡುಗೆಮನೆಯ ಒಗ್ಗರಣೆಯ ಹೊಗೆಯೂ ಸೇರಿ ತೆಳುವಾದ ಜಿಡ್ಡು ಕೂತಿತ್ತು. ಒಗ್ಗರಣೆಯನ್ನು ನಿಲ್ಲಿಸುವ ಸಲಹೆ ಮನೆಯಲ್ಲಿ ಮಂಡನೆಯಾಗಲಿಲ್ಲ. ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಹಳಿಯನ್ನೂ ಗಾಲಿಗಳನ್ನೂ ಒರೆಸಿದಾಗ ಬಟ್ಟೆಯೆಲ್ಲ ಕಪ್ಪಾಯಿತು. ಉಪ್ಪುಕಾಗದದಿಂದ ಉಜ್ಜಲು ಹೊರಟ ಹುಡುಗನನ್ನು ಮಿತ್ರರು ತಡೆದರು; ಗೀರು ಬಿದ್ದ ಹಳಿಯಲ್ಲಿ ಕೊಳೆ ಇನ್ನೂ ಬೇಗ ನೆಲೆಸುತ್ತದೆ. ಇಷ್ಟಾದರೂ ದೂರದ ತಿರುವಿನಲ್ಲಿ ಬಂಡಿ ನಿಧಾನವಾಗುತ್ತಿತ್ತು. ಪ್ರತಿ ಕೀಲಿನ ತಗಡೂ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ನುಂಗಿ, ಕೊನೆಗೆ ತಲುಪುವುದು ಬಡಕಲಾಗಿರುತ್ತದೆ. ದಾರಿಯ ಆ ತುದಿಗೂ ಹಲಗೆಯ ಅಡಿಯಿಂದ ಎರಡು ತಂತಿ ಎಳೆದು ಹಳಿಗೆ ಬೆಸೆದದ್ದರಿಂದ ಅದೂ ನೀಗಿತು.

ಮಗಳಿಗೆ ಇನ್ನೊಂದು ಆಸೆಯಿತ್ತು: ಬಂಡಿ ಹೋದ ದಾರಿಯಲ್ಲೇ ತಿರುಗಿ ಬರುವಂತೆ ಕೊನೆಯಲ್ಲೊಂದು ಕುಣಿಕೆ ಹಾಕಬೇಕೆಂದು. ಮಿತ್ರರು ಕಾಗದದ ಮೇಲೆ ಬರೆದು ತೋರಿಸಿದರು. ಕುಣಿಕೆಯನ್ನು ಸುತ್ತಿ ಬಂದ ಎಡಹಳಿ ಬಲಹಳಿಯನ್ನೇ ಹೋಗಿ ಸೇರುತ್ತದೆ. ಸೇರಿದೊಡನೆ ವಿದ್ಯುತ್ತು ಎಂಜಿನ್ನನ್ನು ಬಿಟ್ಟು ಅಡ್ಡದಾರಿಯಲ್ಲಿ ಹರಿದುಹೋಗುತ್ತದೆ. ಕುಣಿಕೆಯ ಎರಡು ತುದಿಗಳಲ್ಲೂ ಪ್ಲಾಸ್ಟಿಕ್ಕಿನ ಕೀಲಿಟ್ಟು ಅದನ್ನು ಪ್ರತ್ಯೇಕಿಸಿ, ಬೇರೆ ಸ್ವಿಚ್ಚು ಕೊಡಬೇಕು. ಆ ಕೆಲಸವನ್ನು ಮುಂದಿನ ರಜೆಗೆ ಇಟ್ಟುಕೊಂಡಿದ್ದೇವೆ.

ಉಳಿದದ್ದು ಹಸಿರು ಬೋಗಿ. ಮಗಳು ಅದನ್ನು ಕಿಟಕಿಯ ಮೇಲೆ ಒಂಟಿಯಾಗಿ ಕೂರಿಸಿದ್ದಳು. ಹದಿನಾಲ್ಕು ಅಪರಾಧಗಳನ್ನು ಅದರ ತಲೆಗೆ ಕಟ್ಟಿದ್ದರೂ ಸಾಬೀತಾದವು ನಾಲ್ಕೇ. ಅಪ್ಪ ಅದನ್ನು ತಿರುಗಿಸಿ ಗಾಲಿಗಳನ್ನು ನೋಡಿದರು. ಉಳಿದ ಬೋಗಿಗಳ ಗಾಲಿಗಳ ನಡುವೆ ಸಲೀಸಾಗಿ ಕೂತ ಕಾಗದದ ತುಂಡು ಇದರ ಒಂದು ಅಚ್ಚಿನಲ್ಲಿ ಕೂರಲಿಲ್ಲ; ಗಾಲಿಗಳೆರಡೂ ಒಂದಕ್ಕೊಂದು ತುಸು ಹತ್ತಿರವಾಗಿದ್ದವು. "ಕಾಲು ಕೂಡಿಸಿಕೊಂಡು ನಡೆಯೋ ಎತ್ತಿನ ಹಂಗಾಗೈತೆ, ಪಾಪ" ಎಂದು ಹೇಳಿ ಗಾಲಿಯನ್ನು ಮೆಲ್ಲಗೆ ತಿರುಚುತ್ತ ಸ್ವಸ್ಥಾನಕ್ಕೆ ತಂದರು. ಮಾರನೆಯ ದಿನದ ಇಪ್ಪತ್ತು ಸುತ್ತುಗಳಲ್ಲಿ ಹಸಿರು ಬೋಗಿ ಒಮ್ಮೆಯೂ ಬೀಳಲಿಲ್ಲ.

ಉಪಾಧ್ಯಾಯವೃತ್ತಿಯವರಿಗೆ ಎಲ್ಲದರಲ್ಲೂ ಪಾಠ ಕಾಣುವ ಚಪಲವುಂಟು, ವಾಚಕರು ಕ್ಷಮಿಸಬೇಕು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಾಗಲೆಲ್ಲ ನನಗೀಗ ಅಪ್ಪನ ಮಾತು ನೆನಪಾಗುತ್ತದೆ. ಒಬ್ಬ ಹುಡುಗ ಎಲ್ಲ ಪ್ರಶ್ನೆಗಳಲ್ಲೂ ಎಡವಿದ್ದರೆ ಅವನನ್ನು ಕರೆದು ಮನೆಯಲ್ಲಿ ಏನು ಕಷ್ಟವೆಂದು ಕೇಳಬೇಕು. ಅರವತ್ತು ಮಕ್ಕಳೂ ಒಂದೇ ಪ್ರಶ್ನೆಯಲ್ಲಿ ಎಡವಿದ್ದರೆ ಪಾಠವನ್ನೇ ಬಿಚ್ಚಿ ನೋಡಬೇಕು. ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಲ್ಲ. ಮೊದಲು ಬಿದ್ದವನ ಹೆಸರನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ; ಬಿದ್ದ ಜಾಗಕ್ಕೆ ಸುಣ್ಣದ ಗುರುತು ಹಾಕುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಇಪ್ಪತ್ತು ಸುತ್ತು ಕಾಯುವ ತಾಳ್ಮೆ ಬೇಕು, ಪುಸ್ತಕದಲ್ಲಿ ಬರೆಯಬೇಕು, ಮಂಡಿಯೂರಿ ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಬೇಕು.

ಕಳೆದ ದಸರಾ ರಜೆಯಲ್ಲಿ ಕನಕಪುರದ ಮಕ್ಕಳೂ ಮಾಗಡಿಯ ಮಕ್ಕಳೂ ಒಟ್ಟಿಗೆ ಬಂದಿದ್ದರು. ಹಲಗೆಯ ಮೇಲಣ ನಾಲ್ಕು ನಿಲ್ದಾಣಗಳಿಗೆ ಮಗಳು ಬಣ್ಣದಲ್ಲಿ ಹೆಸರು ಬರೆದಿದ್ದಳು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ತಮ್ಮೂರಿಗೆ ರೈಲು ಬಂದುದನ್ನು ಕಂಡು ನನ್ನ ತಂಗಿಗೆ ಆದ ಸಂತೋಷ ಮಕ್ಕಳ ಸಂತೋಷಕ್ಕೆ ಕಡಿಮೆಯಿರಲಿಲ್ಲ. ಮಕ್ಕಳೆಲ್ಲ ಗುಂಡಿ ಒತ್ತಲು ನೂಕಾಡುತ್ತಿದ್ದರು. ಅಪ್ಪ ಯಾರಿಗೂ ಅವಕಾಶ ಕೊಡಲಿಲ್ಲ. ಮೊದಲು ಪ್ಲಗ್ಗು ಕಿತ್ತಿಟ್ಟರು. ಬಳಿಕ ಆರು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಉಗುರನ್ನೂ ಒಂದೊಂದು ಕೀಲಿನ ಮೇಲೆ ಎಳೆಸಿದರು. "ತಡೀತಾ?" ಎಂದು ಕೇಳುವರು, "ಇಲ್ಲ ತಾತ" ಎಂದಾಗ ಮುಂದಿನ ಕೀಲು. ಸುತ್ತು ಮುಗಿಯಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಮಗಳು ಜೇಬಿನಿಂದ ಹಸಿರು ಕರವಸ್ತ್ರ ತೆಗೆದು ಬೀಸಿದಳು.

ಗಾಡಿ ಹೊರಟಿತು.